ಸಾಲಪತ್ರದ ಬೆನ್ನಿನ ಖಾಲಿ ಚೌಕ

ನಾನು ಮೂವತ್ತೊಂದು ವರ್ಷ ದಿನಚರಿ ಬರೆದಿದ್ದೇನೆ. ಅದನ್ನು ನಂಬಿ ಈ ಬರಹಕ್ಕೆ ಕೂತಿದ್ದೇನೆ ಎಂದು ಯಾರೂ ತಿಳಿಯಬಾರದು. ನೆನಪು ನನ್ನ ಪರವಾಗಿ ಸುಳ್ಳು ಹೇಳುತ್ತದೆ. ದಿನಚರಿ ಅದಕ್ಕಿಂತ ಜಾಣ, ಹೇಳಬೇಕಾದ ದಿನ ಬೇರೆ ಏನನ್ನೋ ಬರೆದುಕೊಂಡು ಕೂತಿರುತ್ತದೆ. ಎರಡನ್ನೂ ಎದುರುಬದುರು ಕೂರಿಸಿ, ಎರಡೂ ಒಪ್ಪಿದ್ದನ್ನಷ್ಟೇ ಬರೆಯಬೇಕೆಂದು ಮೊದಲು ಹೊರಟೆ. ಒಂದೂವರೆ ಪುಟಕ್ಕಿಂತ ಹೆಚ್ಚು ಉಳಿಯಲಿಲ್ಲ. ಆದ್ದರಿಂದ ಜಗಳ ಇದ್ದಲ್ಲಿ ಜಗಳ ಇದೆ ಎಂದೇ ಹೇಳುತ್ತ ಹೋಗುತ್ತೇನೆ.

ಬ್ಯಾಂಕಿನ ಹೂಡಿಕೆ ವಿಭಾಗಕ್ಕೆ ಸೇರುವ ಈಗಿನವರು ಪರದೆಯ ಮುಂದೆ ಕೂರುತ್ತಾರೆ. ಸರಕಾರಿ ಸಾಲಪತ್ರದ ಬೆಲೆ ಅಲ್ಲಿ ಹಸಿರಾಗಿ, ಕೆಂಪಾಗಿ ಮಿಟುಕುತ್ತದೆ. ಕೇಂದ್ರ ಬ್ಯಾಂಕು ಬಡ್ಡಿ ಇಳಿಸಿದೆ ಎಂಬ ಸುದ್ದಿ ಬಂದ ಅರೆಗಳಿಗೆಯಲ್ಲಿ ಬೆಲೆ ಏರಿರುತ್ತದೆ. ನಮ್ಮ ಕಾಲದಲ್ಲಿ ಸಾಲಪತ್ರವೆಂದರೆ ನಿಜವಾದ ಕಾಗದ. ಅದಕ್ಕೆ ಮುಖವಿತ್ತು, ಬೆನ್ನಿತ್ತು. ಜಿರಳೆ ತಿನ್ನದಂತೆ ನೋಡಿಕೊಳ್ಳಬೇಕಿತ್ತು. ನನ್ನ ಕಥೆ ನಡೆದದ್ದು ಆ ಕಾಗದದ ಬೆನ್ನಿನ ಮೇಲೆ.

ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ, ಎಂಬತ್ತರ ದಶಕದ ಆರಂಭದಲ್ಲಿ ನಾನು ಮಡಗಾಂವಿನ ಒಂದು ಸಹಕಾರಿ ಬ್ಯಾಂಕಿಗೆ ಸೇರಿದೆ. ಸಾಲ ವಿಭಾಗಕ್ಕೆ ಹಾಕುತ್ತಾರೆಂದುಕೊಂಡಿದ್ದೆ. ಹೂಡಿಕೆ ವಿಭಾಗಕ್ಕೆ ಹಾಕಿದರು. ವಿಭಾಗವೆಂದರೆ ಒಂದು ಮೇಜು, ಕಾಲು ಅಲ್ಲಾಡುವ ಒಂದು ಕುರ್ಚಿ ಮತ್ತು ತಿಜೋರಿಯ ಒಂದು ಖಾನೆ. ವರ್ಷಕ್ಕೆ ಎರಡು ಸಲ ಬಡ್ಡಿ ಬಂತೇ ಎಂದು ನೋಡುವುದು ಬಿಟ್ಟರೆ ಅಲ್ಲಿ ಕೆಲಸವೇ ಇರಲಿಲ್ಲ. ಎಂ.ಎ. ಮಾಡಿದವನು ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಉಪನ್ಯಾಸ ಕೊಟ್ಟಾನು ಎಂಬ ಹೆದರಿಕೆಯಿಂದ ನನ್ನನ್ನು ಅಲ್ಲಿ ಕೂರಿಸಿದ್ದರೆಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು.

ವ್ಯವಸ್ಥಾಪಕರು ಬೋರ್ಕರ್. ಫೋಂಡಾ ಕಡೆಯವರು, ಶಾಂತ ಮನುಷ್ಯ. ಯಾವ ತೀರ್ಮಾನವನ್ನೂ ಊಟಕ್ಕೆ ಮುಂಚೆ ಮಾಡುತ್ತಿರಲಿಲ್ಲ, ಊಟವಾದ ಮೇಲೆ ನಾಳೆಗೆ ಇಡುತ್ತಿದ್ದರು. ಸೇರಿದ ಮೊದಲ ವರ್ಷವೇ ನಾನು ನಮ್ಮ ಸಾಲಪತ್ರಗಳ ಪೇಟೆ ಬೆಲೆ ಲೆಕ್ಕ ಹಾಕಿ, ನಾವು ಕೊಂಡ ಬೆಲೆಗಿಂತ ಅದು ಕಡಿಮೆ ಇದೆಯೆಂದು ಒಂದು ಟಿಪ್ಪಣಿ ಬರೆದು ಅವರ ಮುಂದಿಟ್ಟೆ. ಬಹುಮಾನ ಬಂದೀತು ಎಂದು ಕಾದು ನಿಂತೆ. ಅವರು ಓದಿ, ಕನ್ನಡಕ ತೆಗೆದು, ಮಾರುವ ಯೋಚನೆಯೇ ಇಲ್ಲದ ಎಮ್ಮೆಯ ಬೆಲೆಯನ್ನು ದಿನಾ ಸಂತೆಗೆ ಹೋಗಿ ಕೇಳಿಬರುವವನನ್ನು ನಿಮ್ಮ ಕಡೆ ಏನೆನ್ನುತ್ತಾರೆ ಎಂದು ಕೇಳಿದರು. ಆ ಟಿಪ್ಪಣಿಯ ಹಿಂಬದಿಯಲ್ಲಿ ಅವರು ಮನೆಗೆ ತರಬೇಕಾದ ಮೀನಿನ ಪಟ್ಟಿ ಬರೆದುಕೊಂಡರು. ಇದರಲ್ಲಿ ನೆನಪಿಗೂ ದಿನಚರಿಗೂ ಜಗಳವಿಲ್ಲ. ಬಾಂಗಡೆ, ಲೇಪೆ ಎಂದು ದಿನಚರಿಯಲ್ಲಿ ಸ್ಪಷ್ಟವಾಗಿದೆ.

ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಸರಕಾರ ನೂರು ರೂಪಾಯಿ ಸಾಲ ತೆಗೆದುಕೊಂಡು, ವರ್ಷಕ್ಕೆ ಹನ್ನೊಂದೂವರೆ ಬಡ್ಡಿ ಕೊಡುತ್ತೇನೆ, ಇಂಥ ವರ್ಷ ಅಸಲು ಹಿಂತಿರುಗಿಸುತ್ತೇನೆ ಎಂದು ಬರೆದುಕೊಟ್ಟ ಕಾಗದವೇ ಸಾಲಪತ್ರ. ಆ ಮಾತು ಬದಲಾಗುವುದಿಲ್ಲ. ಕೊನೆಯವರೆಗೆ ಇಟ್ಟುಕೊಂಡರೆ ನಡುವಿನ ಬೆಲೆಯ ಗೊಡವೆ ಬೇಡ. ನಡುವೆ ಮಾರಲು ಹೊರಟರೆ ತಕರಾರು. ಅದೇ ಸರಕಾರ ಈಗ ಹೊಸ ಸಾಲಕ್ಕೆ ಹದಿನಾಲ್ಕು ಕೊಡುತ್ತಿದ್ದರೆ, ಹನ್ನೊಂದೂವರೆಯ ಹಳೆಯ ಕಾಗದವನ್ನು ಪೂರ್ತಿ ನೂರು ಕೊಟ್ಟು ಕೊಳ್ಳುವ ಹುಚ್ಚ ಸಿಗುವುದಿಲ್ಲ. ಎಂಬತ್ತೈದಕ್ಕೋ ತೊಂಬತ್ತಕ್ಕೋ ಬಿಟ್ಟುಕೊಡಬೇಕು. ಹೊಸ ಸಾಲದ ಬಡ್ಡಿ ಹತ್ತಕ್ಕೆ ಇಳಿಯಿತೆನ್ನಿ, ಆಗ ಅದೇ ಹಳೆಯ ಕಾಗದಕ್ಕೆ ನೂರರ ಮೇಲೂ ಕೊಟ್ಟು ಕೊಳ್ಳುವವರು ಬಾಗಿಲಿಗೆ ಬರುತ್ತಾರೆ. ಬಡ್ಡಿ ಏರಿದರೆ ಬೆಲೆ ಇಳಿಯುತ್ತದೆ, ಬಡ್ಡಿ ಇಳಿದರೆ ಬೆಲೆ ಏರುತ್ತದೆ. ಇಷ್ಟನ್ನು ನಮ್ಮ ಆಡಳಿತ ಮಂಡಳಿಗೆ ತಿಳಿಸಲು ನಾನು ಹದಿನೈದು ವರ್ಷ ತೆಗೆದುಕೊಂಡೆ. ಕೊನೆಗೆ ತಿಳಿಸಿದವನೂ ನಾನಲ್ಲ.

ಇಲ್ಲಿ ರಾಜೇಸಾಬನ ಪರಿಚಯ ಮಾಡಿಕೊಡಬೇಕು. ನಮ್ಮ ಬ್ಯಾಂಕಿನ ಸಿಪಾಯಿ. ಸಿಂದಗಿಯ ಹತ್ತಿರದ ಹಳ್ಳಿಯವನು. ಮಡಗಾಂವಿನ ಮೋತಿ ಡೊಂಗರಿನಲ್ಲಿ ಅಣ್ಣನ ಕೋಣೆಯಲ್ಲಿ ಇದ್ದ. ದಿನಗೂಲಿಯ ಮೇಲೆ ಬಂದವನು ಒಂಬತ್ತು ವರ್ಷವಾದರೂ ದಿನಗೂಲಿಯ ಮೇಲೇ ಇದ್ದ. ಮುಂಬೈಗೆ ಕಳಿಸುವ ಪತ್ರಗಳ ಲಕೋಟೆಗೆ ಅರಗು ಹಾಕಿ ಮುದ್ರೆ ಒತ್ತುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬ್ಯಾಂಕಿನಲ್ಲಿ ಕೊಂಕಣಿಯೋ ಮರಾಠಿಯೋ ಇಂಗ್ಲಿಷೋ ನಡೆಯುತ್ತಿದ್ದುದರಿಂದ, ಕನ್ನಡ ಬೇಕೆನಿಸಿದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗುತ್ತಿದ್ದೆವು. ನನ್ನ ಧಾರವಾಡದ ಮಾತು ಅವನಿಗೆ ವಿಪರೀತ ನಾಜೂಕು. ನಾನು ಮಾತಾಡಿದರೆ ಹಲ್ಲಿಗೆ ನೋವಾದೀತೆಂದು ಜಾಗ್ರತೆಯಿಂದ ಅಗಿದಂತೆ ಕೇಳುತ್ತದೆ ಎನ್ನುತ್ತಿದ್ದ.

ಅವನ ಹೆಂಡತಿ ಮೆಹಬೂಬಿ ಎರಡು ಮಕ್ಕಳೊಂದಿಗೆ ಊರಿನಲ್ಲೇ ಇದ್ದಳು. ಅವಳದು ಒಂದೇ ಷರತ್ತು. ನೌಕರಿ ಖಾಯಂ ಆಗುವವರೆಗೆ ಗೋವಾಕ್ಕೆ ಕಾಲಿಡುವುದಿಲ್ಲ. ಅವಳ ತಂಗಿ ಗಂಡನ ಬಂದರಿನ ಕೂಲಿಯನ್ನು ನಂಬಿ ಮನೆಸಾಮಾನು ಹೇರಿಕೊಂಡು ವಾಸ್ಕೋಗೆ ಬಂದು, ಆರು ತಿಂಗಳಲ್ಲಿ ಅದೇ ಸಾಮಾನು ಹೇರಿಕೊಂಡು ಹಿಂತಿರುಗಿದ್ದಳು. ರಾಜೇಸಾಬ ಇದನ್ನು ನಗುತ್ತಲೇ ಹೇಳುತ್ತಿದ್ದ.

“ಸಾಹೇಬ್ರ, ಸರಕಾರ ಬರದ ಕೊಟ್ರ ನೀವು ನಂಬತೀರಿ. ನಾ ಬರದ ಕೊಟ್ರೂ ನಮ್ಮಾಕಿ ನಂಬಂಗಿಲ್ಲ. ಬ್ಯಾಂಕಿನ ಸಿಕ್ಕಾ ಬೇಕಂತ.”

ತೊಂಬತ್ತೈದರಲ್ಲಿ ಕೊನೆಗೂ ಆಡಳಿತ ಮಂಡಳಿ ಅವನ ಹೆಸರನ್ನು ಖಾಯಂ ಪಟ್ಟಿಗೆ ಹಾಕಿತು. ಹೊಸ ವರ್ಷದಿಂದ ಆದೇಶ ಕೊಡುವುದೆಂದು ಮಾತಾಯಿತು. ಅವನು ಊರಿಗೆ ಪತ್ರ ಬರೆಸಿದ್ದು ನನ್ನ ಕೈಯಲ್ಲೇ.

ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಗಿತ್ತು. ಲೆಕ್ಕ ತಪಾಸಣೆಗೆ ಬರುವವರು ಎಮ್ಮೆಯ ಸಂತೆ ಬೆಲೆ ಕೇಳತೊಡಗಿದ್ದರು. ಕೊಂಡ ಬೆಲೆ ಬರೆದರೆ ಸಾಲದು, ಇವತ್ತು ಮಾರಿದರೆ ಎಷ್ಟು ಬಂದೀತು ಅದನ್ನೂ ತೋರಿಸಿ ಎನ್ನುತ್ತಿದ್ದರು. ನನ್ನ ಮೇಜಿಗೆ ಒಂದು ದೂರವಾಣಿ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಮುಂಬೈಯ ದಲ್ಲಾಳಿಗೆ ಫೋನು. ಆತ ಮೊದಲು ಮಡಗಾಂವಿನ ಮಳೆ ಕೇಳುತ್ತಿದ್ದ, ಆಮೇಲೆ ಗೋಡಂಬಿಯ ಬೆಲೆ ಕೇಳುತ್ತಿದ್ದ, ಕೊನೆಗೆ ಸಾಲಪತ್ರದ ಬೆಲೆ ಹೇಳುವ ಹೊತ್ತಿಗೆ ಲೈನು ಕಡಿಯುತ್ತಿತ್ತು. ಆದರೂ ನಾನು ಕಾಲು ಅಲ್ಲಾಡದ ಕುರ್ಚಿಯ ಮನುಷ್ಯನಾದೆ.

ಆ ವರ್ಷ ಬಡ್ಡಿ ಏರುತ್ತಲೇ ಇತ್ತು. ನಾನು ನಾಲ್ಕು ಪುಟದ ಟಿಪ್ಪಣಿ ಬರೆದೆ. ಬಡ್ಡಿ ಇನ್ನೂ ಏರುತ್ತದೆ, ನಮ್ಮಲ್ಲಿರುವ ಹನ್ನೊಂದೂವರೆಯ ಐದು ದೀರ್ಘಾವಧಿ ಪತ್ರಗಳ ಬೆಲೆ ಇನ್ನೂ ಬೀಳುತ್ತದೆ, ಈಗಲೇ ಸ್ವಲ್ಪ ನಷ್ಟಕ್ಕಾದರೂ ಮಾರಿ, ಮುಂದಿನ ನಾಲ್ಕೈದು ವರ್ಷ ಬಡ್ಡಿ ಇಳಿಯುವ ಸೂಚನೆಯೇ ಇಲ್ಲ ಎಂದು ಅದರ ಸಾರಾಂಶ. ಕೊನೆಯ ಮಾತನ್ನು ಅಡಿಗೆರೆ ಎಳೆದು ಬರೆದಿದ್ದೆ. ಆ ಪ್ರತಿ ಈಗಲೂ ನನ್ನ ಹತ್ತಿರ ಇದೆ, ಅಡಿಗೆರೆ ಎರಡು. ಮಂಡಳಿ ಒಪ್ಪಿತು. ದೀಪಾವಳಿ ಮುಗಿದ ಕೂಡಲೇ ಪತ್ರಗಳನ್ನು ಮುಂಬೈಗೆ ಕಳಿಸುವುದೆಂದು ಠರಾವಾಯಿತು.

ನಡುವೆ ಲಕ್ಷ್ಮೀಪೂಜೆ ಬಂತು. ಮಡಗಾಂವಿನಲ್ಲಿ ಆ ಸಂಜೆ ಅಂಗಡಿ, ಕಚೇರಿ ಎಲ್ಲ ಕಡೆ ಪೂಜೆ. ಭಟ್ಟರು ಒಂದು ಕಡೆ ಮಂತ್ರ ಹೇಳುತ್ತಿರುವಾಗಲೇ ಮುಂದಿನ ಅಂಗಡಿಯವರು ಹೊರಗೆ ಸ್ಕೂಟರು ಚಾಲೂ ಇಟ್ಟುಕೊಂಡು ನಿಂತಿರುತ್ತಾರೆ. ನಮ್ಮಲ್ಲಿ ಖಾತೆ ಪುಸ್ತಕ, ಬೀಗದ ಕೈ, ಟೈಪ್‌ರೈಟರು ಇಟ್ಟು ಪೂಜೆ ಮಾಡುವುದು ರೂಢಿ. ಆ ವರ್ಷ ನಾನು ತಮಾಷೆಗೆ, ನಿಜವಾದ ಲಕ್ಷ್ಮಿ ತಿಜೋರಿಯಲ್ಲಿ ಕೂತಿದ್ದಾಳೆ, ಹೋಗುವ ಮುಂಚೆ ಅವಳಿಗೂ ಒಂದು ಆರತಿ ಆಗಲಿ ಎಂದೆ. ನನ್ನ ತಮಾಷೆಗಳಲ್ಲಿ ಬೋರ್ಕರ್ ಗಂಭೀರವಾಗಿ ತೆಗೆದುಕೊಂಡದ್ದು ಅದೊಂದನ್ನೇ. ತಾವೇ ಹೋಗಿ ಐದೂ ಪತ್ರಗಳನ್ನು ತಂದು ಪುಸ್ತಕಗಳ ಮೇಲಿಟ್ಟರು.

ಆ ದಿನದ ದಿನಚರಿಯನ್ನು ಇಲ್ಲಿ ಪೂರ್ತಿ ಇಳಿಸುತ್ತೇನೆ: “ಪೂಜೆ ಚೆನ್ನಾಗಿ ಆಯಿತು. ಬೋರ್ಕರ್ ಮನೆಯಿಂದ ಐದು ಬಗೆಯ ಅವಲಕ್ಕಿ, ಇವರು ಫೋವ್ ಎನ್ನುತ್ತಾರೆ. ಬೆಲ್ಲದ್ದು, ಹಾಲಿನದು, ಮೊಸರಿನದು, ಒಗ್ಗರಣೆಯದು, ತೆಂಗಿನ ರಸದ್ದು. ಕೊನೆಯದು ಎಲ್ಲಕ್ಕಿಂತ ರುಚಿ. ಎರಡು ಸಲ ಹಾಕಿಸಿಕೊಂಡೆ.” ಇಷ್ಟೇ. ಅರ್ಥಶಾಸ್ತ್ರದ ಪದವೀಧರನ ಸಾಕ್ಷ್ಯ.

ದೀಪಾವಳಿಯ ಬಳಿಕ ಹೋದ ಪತ್ರಗಳು ಜನವರಿಯಲ್ಲಿ ಹಿಂತಿರುಗಿ ಬಂದವು. ಸಾಲಪತ್ರ ಒಬ್ಬರಿಂದ ಒಬ್ಬರಿಗೆ ಹೋಗಬೇಕಾದರೆ ಅದರ ಬೆನ್ನಿನ ಮೇಲೆ ಹಿಂಬರಹ ಬರೆಯಬೇಕು. ಅದಕ್ಕಾಗಿ ಅಲ್ಲಿ ಸಾಲಾಗಿ ಚೌಕಗಳನ್ನು ಅಚ್ಚು ಹಾಕಿರುತ್ತಾರೆ. ನಮ್ಮ ಪತ್ರಗಳಲ್ಲಿ ಮೊದಲ ಎರಡು ಚೌಕ ತುಂಬಿದ್ದವು. ಮೂರನೆಯದು ನಾವು ಬರೆಯಬೇಕಾದ ಖಾಲಿ ಚೌಕ. ಐದೂ ಪತ್ರಗಳಲ್ಲಿ ಆ ಚೌಕದ ಮೇಲೆ ನೀರಿನಲ್ಲಿ ಕಲಸಿದ ಕುಂಕುಮ ಹರಡಿ, ಕಾಗದ ಹಿಗ್ಗಿ, ಗೆರೆ ಅಳಿಸಿತ್ತು. ಕಳಿಸುವ ಅವಸರದಲ್ಲಿ ನಾನು ಅದರ ಪಕ್ಕದಲ್ಲೇ ಹಿಂಬರಹ ತುಂಬಿ ಕಳಿಸಿದ್ದೆ. ಸಾಲಪತ್ರಗಳ ಲೆಕ್ಕ ಇಡುವ ಕೇಂದ್ರ ಬ್ಯಾಂಕಿನ ಮುಂಬೈ ಕಚೇರಿಯವರಿಗೆ, ಯಾರದೋ ಹೆಸರನ್ನು ತೊಳೆದು ಅದರ ಮೇಲೆ ಕುಂಕುಮ ಬಳಿದಿದ್ದಾರೆ ಎಂಬ ಅನುಮಾನ ಬಂತು. ಅವರನ್ನು ತಪ್ಪೆನ್ನಲಾಗದು. ಪತ್ರಗಳು ಹಾಳಾಗಿವೆ, ಹೊಸದು ಮಾಡಿಸಿಕೊಳ್ಳಿ, ಅಲ್ಲಿಯವರೆಗೆ ಮಾರುವಂತಿಲ್ಲ ಎಂದು ಬರೆದರು.

ನಮ್ಮ ಅಧ್ಯಕ್ಷರಿಗೆ ಅದಿರು ಸಾಗಿಸುವ ಲಾರಿಗಳ ವ್ಯವಹಾರ. ದೊಡ್ಡ ದನಿಯವರು. ಎಲ್ಲರೂ ಪಾತ್ರಾಂವ್ ಎಂದೇ ಕರೆಯುತ್ತಿದ್ದೆವು. ಗೋವಾದಲ್ಲಿ ಯಜಮಾನ ಎನ್ನುವುದಕ್ಕೆ ಆ ಮಾತು. ಅವರು ಬಂದು ಕೂತರು, ವಿಚಾರಣೆ ನಡೆಯಿತು. ಬೋರ್ಕರ್ ಪೂಜೆಯ ಹೊತ್ತಿನಲ್ಲಿ ಹೊರಗೆ ಅತಿಥಿಗಳನ್ನು ಕೂರಿಸುತ್ತಿದ್ದರಂತೆ. ಭಟ್ಟರು ಆರತಿ ಮುಗಿಸಿ ಸ್ಕೂಟರು ಹತ್ತಿದ್ದರು. ಕುಂಕುಮ ಹಚ್ಚಿದ್ದು ಯಾರು ಎಂದು ನನ್ನನ್ನು ಕೇಳಿದರು.

ನಾನು ಹೇಳಿದ ಉತ್ತರ ನನಗೆ ಅಕ್ಷರಶಃ ನೆನಪಿದೆ, ನಡಾವಳಿಯ ಪುಸ್ತಕದಲ್ಲೂ ಇತ್ತು: “ತಟ್ಟೆ ರಾಜೇಸಾಬನ ಕೈಯಲ್ಲಿತ್ತು.”

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದ ಚಿತ್ರವೂ ಅದೇ. ಹಿತ್ತಾಳೆಯ ತಟ್ಟೆ, ಅದನ್ನು ಹಿಡಿದ ಅವನ ಕೈಗಳು. ಹಚ್ಚಿದ ಬೆರಳು ಚಿತ್ರದಲ್ಲಿ ಇರಲೇ ಇಲ್ಲ. ಬೇಕೆಂದು ಮರೆತೆನೇ, ಮರೆತದ್ದು ಅನುಕೂಲವಾಯಿತೇ, ಇವತ್ತಿಗೂ ಹೇಳಲಾರೆ. ರಾಜೇಸಾಬನನ್ನು ಕರೆದು ಕೇಳಿದಾಗ, ಹೂ ತಂದದ್ದು ತಾನು, ತಟ್ಟೆ ಹಿಡಿದದ್ದು ತಾನು, ಕುಂಕುಮ ತಾನು ಹಚ್ಚಲಿಲ್ಲ ಎಂದ. ಹಾಗಾದರೆ ಯಾರು ಎಂದರೆ ನೆಲ ನೋಡಿದ. ನೆಲ ನೋಡಿದವನು ತಪ್ಪಿತಸ್ಥ ಎಂಬುದು ನಮ್ಮ ಕಚೇರಿಗಳ ಹಳೆಯ ಕಾನೂನು. ಪ್ರಕರಣ ಮುಗಿಯುವವರೆಗೆ ಅವನ ಖಾಯಂ ಆದೇಶ ತಡೆಹಿಡಿಯಲಾಯಿತು.

ಊರಿಗೆ ಇನ್ನೊಂದು ಪತ್ರ ಬರೆಯಬೇಕಾಯಿತು. ಅದನ್ನು ಅವನು ನನ್ನ ಕೈಯಲ್ಲಿ ಬರೆಸಲಿಲ್ಲ.

ಮುಂದಿನ ಕೆಲವು ತಿಂಗಳು ಬಡ್ಡಿ ನಾನು ಹೇಳಿದಂತೆಯೇ ಏರಿತು, ಪತ್ರಗಳ ಬೆಲೆ ನಾನು ಹೇಳಿದಂತೆಯೇ ಬಿತ್ತು. ನಾನು ಕಾರಿಡಾರಿನಲ್ಲಿ ಭವಿಷ್ಯ ನುಡಿದವನ ನಡಿಗೆ ನಡೆಯುತ್ತಿದ್ದೆ. ಮಾರಿದ್ದರೆ ಇಷ್ಟು ಉಳಿಯುತ್ತಿತ್ತು ಎಂದು ಪ್ರತಿ ತಿಂಗಳು ಒಂದು ಚೀಟಿ ಬರೆದು ಬೋರ್ಕರರ ಮೇಜಿನ ಮೇಲೆ ಇಡುತ್ತಿದ್ದೆ. ಪ್ರತಿ ಚೀಟಿಯೂ ರಾಜೇಸಾಬನ ಕಡತಕ್ಕೆ ಸೇರುತ್ತಿತ್ತೆಂದು ನನಗೆ ಹೊಳೆಯಲಿಲ್ಲ. ಚೀಟಿಗಳನ್ನು ನನ್ನ ಮೇಜಿನಿಂದ ಅವರ ಮೇಜಿಗೆ ಒಯ್ಯುತ್ತಿದ್ದವನೂ ಅವನೇ.

ಆ ಮಳೆಗಾಲಕ್ಕೆ ಮುಂಚೆ, ಹೊಸ ಪತ್ರಕ್ಕೆ ಬೇಕಾದ ಮುಚ್ಚಳಿಕೆ ಕೊಡಲು ನನ್ನನ್ನು ಮುಂಬೈಗೆ ಕಳಿಸಿದರು. ಅದೇ ಕಚೇರಿಯ ಕೌಂಟರಿನಲ್ಲಿದ್ದವರು ನಿವೃತ್ತಿಗೆ ಹತ್ತಿರವಾದ ಒಬ್ಬ ಮರಾಠಿ ಹೆಂಗಸು. ನನ್ನ ಕಾಗದಗಳನ್ನೆಲ್ಲ ನೋಡಿ, ಐದು ಪತ್ರಗಳನ್ನು ಬೆನ್ನು ಮೇಲಾಗಿ ಸಾಲಾಗಿ ಹರಡಿ, ನಿಮ್ಮ ಬ್ಯಾಂಕಿನಲ್ಲಿ ಹೂಡಿಕೆ ನೋಡುವವರು ಯಾರು ಎಂದು ಕೇಳಿದರು. ನಾನೇ ಎಂದೆ, ಸ್ವಲ್ಪ ಎದೆಯುಬ್ಬಿಸಿಯೇ. ಅವರು ನಕ್ಕರು. ದೀಪಾವಳಿ ಕಳೆದ ಮೇಲೆ ಪ್ರತಿ ವರ್ಷ ತಮಗೆ ಕುಂಕುಮದ ಪತ್ರಗಳು ಬಂದೇ ಬರುತ್ತವೆ ಎಂದರು. ಎಲ್ಲರೂ ಮುಂಭಾಗದ ಮೇಲಂಚಿನಲ್ಲಿ ಹಚ್ಚಿರುತ್ತಾರೆ, ದೇವರಿಗೆ ಹಚ್ಚುವ ಹಾಗೆ. ಅದರಿಂದ ಏನೂ ಕೆಡುವುದಿಲ್ಲ, ದಾಟಿಸಿಬಿಡುತ್ತೇವೆ. ಇದನ್ನು ಹಚ್ಚಿದವರು ಮಾತ್ರ ಪತ್ರವನ್ನು ಬಲ್ಲವರು. ಮುಂಭಾಗದಲ್ಲಿ ಸಂಖ್ಯೆ, ಮೊತ್ತ ಇರುತ್ತದೆ, ಮುಟ್ಟಬಾರದು ಎಂದು ಗೊತ್ತಿದೆ. ಅದಕ್ಕೇ ತಿರುಗಿಸಿ, ಹುಡುಕಿ, ಏನೂ ಬರೆಯದ ಜಾಗದಲ್ಲಿ ಹಚ್ಚಿದ್ದಾರೆ. ಐದರಲ್ಲೂ ಒಂದೇ ಚೌಕ ನೋಡಿ, ಎಷ್ಟು ಜಾಗ್ರತೆ.

ಆಗ ನನಗೆ ಎಲ್ಲವೂ ಒಂದೇ ಸಲ ನೆನಪಾಯಿತು. ಅಥವಾ ಆ ಹೆಂಗಸಿನ ಮಾತೇ ನೆನಪಾಗಿ ರೂಪ ತಾಳಿತೋ. ಆದರೆ ನಮ್ಮ ಬ್ಯಾಂಕಿನಲ್ಲಿ ಆ ಚೌಕವನ್ನು ಹುಡುಕಬಲ್ಲವನು ನನ್ನನ್ನು ಬಿಟ್ಟು ಇನ್ನೊಬ್ಬನಿರಲಿಲ್ಲ, ಇದಕ್ಕೆ ನೆನಪಿನ ಸಾಕ್ಷಿ ಬೇಕಿಲ್ಲ. ಭಟ್ಟರು ಸ್ಕೂಟರಿನತ್ತ ಓಡುತ್ತ, ನೀವು ಹಿರೇಮಠರಲ್ಲವೇ, ಮಠದವರು, ಉಳಿದದ್ದನ್ನು ನೀವೇ ಮುಗಿಸಿ ಎಂದದ್ದು ಕಿವಿಯಲ್ಲಿ ಕೇಳಿತು. ರಾಜೇಸಾಬ ತಟ್ಟೆ ಹಿಡಿದು ನಿಂತಿದ್ದ. ನಾನು ಒಂದೊಂದೇ ಪತ್ರ ಮಗುಚಿ ಉಂಗುರದ ಬೆರಳಿನಿಂದ ಬೊಟ್ಟಿಟ್ಟಿದ್ದೆ. ಮೇಲಿಂದ, ನೋಡು, ಅಚ್ಚಿನ ಅಕ್ಷರಕ್ಕೆ ತಾಗಬಾರದು ಎಂದು ಅವನಿಗೆ ಪಾಠ ಬೇರೆ ಹೇಳಿದ್ದೆ.

ಇಷ್ಟು ತಿಳಿದ ಮೇಲೆ ಮಡಗಾಂವಿಗೆ ಮರಳಿ ಮರುದಿನವೇ ನಿಜ ಹೇಳಿದೆ ಎಂದು ಬರೆಯಲು ಕೈ ತುಡಿಯುತ್ತದೆ. ದಿನಚರಿ ಬಿಡುವುದಿಲ್ಲ. “ಮುಂಬೈ ಕೆಲಸ ಆಯಿತು. ಸೆಕೆ” ಎಂದು ಬರೆದು ಸುಮ್ಮನಾಗಿದ್ದೇನೆ. ಹೀಗೆಯೇ ಒಂದು ವರ್ಷ ದಾಟಿಸಿದೆ. ನನ್ನ ಒಳಗಿನ ಲೆಕ್ಕ ಏನಿತ್ತೆಂದರೆ, ನಷ್ಟ ಇರುವುದರಿಂದಲೇ ತಪ್ಪು ಇದೆ. ಕೇಂದ್ರ ಬ್ಯಾಂಕು ಬಡ್ಡಿ ಇಳಿಸಿದರೆ ಬೆಲೆ ಏರುತ್ತದೆ. ಬೆಲೆ ಏರಿದರೆ ನಷ್ಟ ತುಂಬುತ್ತದೆ. ನಷ್ಟವೇ ಇಲ್ಲವೆಂದಾದರೆ ಯಾರ ತಪ್ಪೂ ಇಲ್ಲ, ರಾಜೇಸಾಬನ ಆದೇಶ ತಾನಾಗಿ ಬರುತ್ತದೆ, ನಾನು ಬಾಯಿ ಬಿಡುವ ಕಾರಣವೇ ಉಳಿಯುವುದಿಲ್ಲ. ಬಡ್ಡಿ ಇಳಿಯುವುದಿಲ್ಲ ಎಂದು ಎರಡು ಅಡಿಗೆರೆ ಎಳೆದವನು ಈಗ ಬಡ್ಡಿ ಇಳಿಯಲಿ ಎಂದು ದಿನಾ ಬೆಳಿಗ್ಗೆ ಮಡಗಾಂವಿನವರ ದೇವರು ದಾಮೋದರನ ಗುಡಿಯ ದಿಕ್ಕಿಗೆ ಕೈ ಮುಗಿಯುತ್ತಿದ್ದೆ. ಬ್ಯಾಂಕಿನ ಲಾಭಕ್ಕಾಗಿ ಅಲ್ಲ.

ತೊಂಬತ್ತೇಳರಲ್ಲಿ ಬಡ್ಡಿ ಇಳಿಯಿತು. ಒಂದು ಸಲವಲ್ಲ, ಆ ವರ್ಷ ಒಂದಾದ ಮೇಲೊಂದು ಕಡಿತ. ದಲ್ಲಾಳಿ ಗೋಡಂಬಿಯ ಬೆಲೆ ಕೇಳುವುದನ್ನೇ ಬಿಟ್ಟು ನೇರ ಸಾಲಪತ್ರಕ್ಕೆ ಬರತೊಡಗಿದ. ಹೊಸ ಪತ್ರಗಳು ಆ ವರ್ಷದ ಮಳೆಗಾಲದಲ್ಲಷ್ಟೇ ನಮ್ಮ ಕೈಗೆ ಬಂದವು. ಮೊದಲ ಕಡಿತದ ಸುದ್ದಿ ಬಂದಾಗ ನಿರ್ದೇಶಕರೊಬ್ಬರು ಗಾಬರಿಯಿಂದ, ಬಡ್ಡಿ ಬಿತ್ತಂತೆ, ನಮ್ಮ ಪತ್ರಗಳೂ ಬಿದ್ದವೇ ಎಂದು ಓಡಿಬಂದರು. ಇಲ್ಲ, ಏರಿದವು ಎಂದೆ. ಅವರು ನನ್ನನ್ನು ಅನುಕಂಪದಿಂದ ನೋಡಿದರು. ನಾನು ಕಾಗದ ತೆಗೆದು ರೇಖೆ ಎಳೆದೆ, ಭಾಗಿಸಿದೆ. ಅವರ ಮುಖದಲ್ಲಿ ಅನುಕಂಪ ಹೆಚ್ಚಿತು.

ಅವರು ಹೋದ ಮೇಲೆ ಚಹಾದ ಲೋಟ ತೆಗೆಯಲು ಬಂದ ರಾಜೇಸಾಬ ಆ ಕಾಗದ ನೋಡಿ, ಇದು ಭಿಶಿಯ ಲೆಕ್ಕವೇ ಎಂದು ಕೇಳಿದ. ಅವನು ಮೋತಿ ಡೊಂಗರಿನಲ್ಲಿ ಸಾವರ್ಡೆಯ ಲಾರಿ ಚಾಲಕರನ್ನೂ ಸೇರಿಸಿಕೊಂಡು ಒಂದು ಭಿಶಿ ನಡೆಸುತ್ತಿದ್ದ. ತಿಂಗಳಿಗೊಮ್ಮೆ ಎಲ್ಲರೂ ದುಡ್ಡು ಹಾಕಿ, ಸವಾಲು ಕೂಗಿ, ಹೆಚ್ಚು ಬಿಟ್ಟುಕೊಡಲು ಒಪ್ಪಿದವನು ಗಂಟು ಎತ್ತಿಕೊಳ್ಳುವ ಚೀಟಿ. ಅಲ್ಲ, ಸಾಲಪತ್ರ ಎಂದು ನಾನು ಮತ್ತೆ ಹೇಳಿದೆ, ಇಂಥ ವರ್ಷ ಇಷ್ಟು ಕೊಡುತ್ತೇನೆ ಎಂಬ ಮಾತು, ಅದರ ಇವತ್ತಿನ ಬೆಲೆ.

“ಅದನ್ನ ಕೇಳಾಕತ್ತೇನ್ರಿ” ಎಂದ. “ಇಪ್ಪತ್ತ ಮಂದಿ, ನೂರ್ನೂರ ರೂಪಾಯಿ. ಗಂಟು ಎರಡ ಸಾವಿರ, ಅದೇನ್ ಬದಲಾಗಂಗಿಲ್ಲ. ಮಳಿಗಾಲದಾಗ ಗಾಡಿ ನಿಂತಿರ್ತಾವು, ಎಲ್ಲಾರಿಗೂ ರೊಕ್ಕದ ಗರಜು. ಐದನೂರ ಬಿಟ್ಟು ಒಂದೂವರಿ ಸಾವಿರಕ್ಕ ಎತ್ತತಾರ. ಮಳಿ ಹೋಗಿ ಅದಿರಿನ ಗಾಡಿ ಓಡಾಕ ಹತ್ತಿದ್ರ ಎಲ್ಲಾರ ಕಿಸೇದಾಗೂ ರೊಕ್ಕ. ನೂರ ಬಿಟ್ರ ಭಾಳ ಆತು. ಗಂಟು ಅದ ಐತ್ರಿ, ಗರಜು ಬ್ಯಾರೆ. ನಿಮ್ಮ ದೊಡ್ಡ ಬ್ಯಾಂಕಿನವ್ರು ಈಗ ಮಳಿ ನಿಂದ್ರಿಸ್ಯಾರ, ಅಷ್ಟ.”

ಬಡ್ಡಿ ಇಳಿಸುವುದೆಂದರೆ ರೊಕ್ಕದ ಗರಜು ಇಳಿಸುವುದು. ಗರಜು ಇಳಿದರೆ ನಾಳಿನ ಗಂಟಿಗೆ ಇವತ್ತು ಹೆಚ್ಚು ಬೆಲೆ. ನಾನು ಮುಂದಿನ ಸಭೆಯಲ್ಲಿ ಇದನ್ನು ಹೇಳಿದೆ, ಅದೇ ಮಳೆ, ಅದೇ ಲಾರಿ. ಲಾರಿಯ ವ್ಯವಹಾರದ ಪಾತ್ರಾಂವ್ ತೊಡೆ ತಟ್ಟಿ, ಹದಿನೈದು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದರು. ಇದು ರಾಜೇಸಾಬನ ಮಾತು ಎಂದು ನಾನು ಹೇಳಲಿಲ್ಲ. ಒಮ್ಮೆ ಒಬ್ಬನಿಂದ ತೆಗೆದುಕೊಳ್ಳುವ ಅಭ್ಯಾಸವಾದರೆ ಎರಡನೆಯ ಸಲ ಸಲೀಸು.

ಆ ವರ್ಷದ ದೀಪಾವಳಿಯ ಹೊತ್ತಿಗೆ ಪತ್ರಗಳು ನೂರರ ಹತ್ತಿರ ಮಾರಾಟವಾದವು. ನನ್ನ ನಾಲ್ಕು ಪುಟದ ಟಿಪ್ಪಣಿಯಂತೆ ಮಾರಿದ್ದರೆ ಎಂಬತ್ತೈದರ ಆಸುಪಾಸಿಗೆ ಹೋಗುತ್ತಿದ್ದವು. ಮಂಡಳಿಯ ಸಭೆಯಲ್ಲಿ ಪೇಢೆ ಹಂಚಿದರು. ಲಕ್ಷ್ಮಿಯೇ ಕುಂಕುಮದ ಮುದ್ರೆ ಒತ್ತಿ, ಇವನ್ನು ಮಾರಬೇಡಿ ಎಂದು ತಡೆದ ಹಾಗಾಯಿತು ಎಂದು ಬೋರ್ಕರ್ ಕೈ ಮುಗಿದರು. ನಾನು ನೆಮ್ಮದಿಯ ಉಸಿರು ಬಿಟ್ಟು ಎರಡನೆಯ ಪೇಢೆ ತೆಗೆದುಕೊಂಡೆ. ಆಮೇಲೆ ಬಾಕಿ ಕಡತಗಳು ಬಂದವು. ರಾಜೇಸಾಬನದು ಕೊನೆಯದು.

ಪಾತ್ರಾಂವ್ ಅದನ್ನು ತಿರುವಿ, ಲಾಭ ಲಕ್ಷ್ಮಿಯದು, ಅಜಾಗರೂಕತೆ ಸಿಪಾಯಿಯದು ಎಂದರು. ಸರಕಾರಿ ಕಾಗದ ಹಾಳು ಮಾಡಿದವನನ್ನು ಖಾಯಂ ಮಾಡಿದರೆ ನಾಳೆ ಉಳಿದವರೂ ಹಾಗೇ ಮಾಡುತ್ತಾರೆ. ಹೆಸರು ಪಟ್ಟಿಯಿಂದ ತೆಗೆಯುವುದು, ಬೇಕಾದರೆ ದಿನಗೂಲಿಯಲ್ಲಿ ಮುಂದುವರಿಯಲಿ. ಬೋರ್ಕರ್ ಲೇಖನಿಯ ಮುಚ್ಚಳ ತೆಗೆದರು.

ಬೆಲೆ ಪೂರ್ತಿ ಏರಿತ್ತು. ನನ್ನ ಲೆಕ್ಕದ ಪ್ರಕಾರ ತಪ್ಪು ಅಳಿಯಬೇಕಿತ್ತು. ಅಳಿಯಲಿಲ್ಲ.

ಆಗ ನಾನು ಹೇಳಿದೆ. ಎದ್ದು ನಿಂತೆನೋ ಕೂತೇ ಹೇಳಿದೆನೋ ನೆನಪಿಲ್ಲ. ದಿನಚರಿಯಲ್ಲಿ “ಹೇಳಿದೆ” ಎಂಬ ಒಂದೇ ಪದವಿದೆ. ಭಟ್ಟರು, ತಟ್ಟೆ, ಮೂರನೆಯ ಚೌಕ, ಮುಂಬೈಯ ಹೆಂಗಸು, ಆಮೇಲಿನ ಒಂದೂವರೆ ವರ್ಷ, ಭಿಶಿಯ ಲೆಕ್ಕ ಯಾರದೆಂಬುದೂ ಸೇರಿ ಎಲ್ಲವನ್ನೂ. ಸಭೆಯಲ್ಲಿ ಯಾರೋ ಪೇಢೆ ಅಗಿಯುವುದನ್ನು ನಿಲ್ಲಿಸಿದ ಸದ್ದು ಕೇಳಿಸಿತು. ಪಾತ್ರಾಂವ್ ನನ್ನ ಹಳೆಯ ಟಿಪ್ಪಣಿಯನ್ನು ಕಡತದಿಂದ ತೆಗೆಸಿ ಓದಿದರು. ಎರಡು ಅಡಿಗೆರೆಯ ಸಾಲನ್ನು ಗಟ್ಟಿಯಾಗಿ ಓದಿದರು. ಆಮೇಲೆ ಕೊಂಕಣಿಯಲ್ಲಿ ಅವರು ಅಂದದ್ದು ಇಷ್ಟು:

“ಹಿರೇಮಠ, ನಿಮ್ಮ ತಲೆ ಮಾರಿ ಎಂದಿತು, ನಿಮ್ಮ ಬೆರಳು ತಡೆಯಿತು. ಇಷ್ಟು ವರ್ಷ ನಾವು ಸಂಬಳ ಕೊಟ್ಟದ್ದು ತಲೆಗೆ. ಈ ಸಲದ ಬಡ್ತಿ ಬೆರಳಿಗೆ ಕೊಡೋಣ, ತಲೆಯದು ನಿಲ್ಲಿಸೋಣ.”

ಎಲ್ಲರೂ ನಕ್ಕರು. ನನ್ನ ವೇತನ ಬಡ್ತಿ ಒಂದು ವರ್ಷ ನಿಂತದ್ದು ನಗೆಯಲ್ಲ, ನಿಜ. ರಾಜೇಸಾಬನ ಖಾಯಂ ಆದೇಶಕ್ಕೆ ಸಹಿ ಬಿತ್ತು. ಅದನ್ನು ಎರಡು ವರ್ಷ ಹಿಂದಿನ ತಾರೀಖಿನಿಂದ ಕೊಡಿ ಎಂದು ನಾನು ಕೇಳಿಕೊಂಡೆ. ಹಿಂದಿನ ತಾರೀಖಿಗೆ ಆದೇಶ ಕೊಡುವ ರೂಢಿ ಬ್ಯಾಂಕಿನಲ್ಲಿಲ್ಲ ಎಂದರು ಬೋರ್ಕರ್. ಅದೊಂದನ್ನು ಊಟಕ್ಕೆ ಮುಂಚೆಯೇ ತೀರ್ಮಾನಿಸಿದರು.

ಆದೇಶವನ್ನು ನಾನೇ ಒಯ್ದು ಕೊಟ್ಟೆ. ಅದು ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಓದಿ ಹೇಳಿದೆ. ತಾರೀಖು ಯಾವುದು ಎಂದು ಕೇಳಿದ. ಇವತ್ತಿನದು ಎಂದೆ. ನಾನು ಇಡೀ ದಾರಿ ತಯಾರು ಮಾಡಿಕೊಂಡು ಬಂದಿದ್ದ ಕ್ಷಮಾಪಣೆಯನ್ನು ಅರ್ಧಕ್ಕೆ ತಂದಾಗ ಅವನೇ ತಡೆದ.

“ಗೊತ್ತೈತ್ರಿ. ನಾ ತಟ್ಟಿ ಹಿಡಕೊಂಡು ನಿಂತಿರ್ಲಿಲ್ಲೇನು? ಅಕ್ಷರಕ್ಕ ತಾಗಬಾರದು ಅಂತ ನನಗ ಹೇಳಿದ್ರಿ.”

ಹಾಗಾದರೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಾ ಹೇಳಿದ್ರ ನನ್ನ ಮಾತು ಯಾರ ಕೇಳ್ತಿದ್ರು? ನೀವು ಹೇಳ್ತೀರಿ ಅಂತ ಕಾಯ್ದೆ. ನೀವು ಮರತೀರಿ ಅಂತ ಮೊದಲ ತಿಳಕೊಂಡಿದ್ದೆ. ಮುಂಬೈಕ ಹೋಗಿ ಬಂದ ಮ್ಯಾಲೆ ನನ್ನ ಕಣ್ಣಾಗ ಕಣ್ಣಿಟ್ಟು ನೋಡೂದ ಬಿಟ್ರಿ. ಆವಾಗ ತಿಳೀತು, ನೆನಪಾಗೈತಿ ಅಂತ.” ಆದೇಶವನ್ನು ಮಡಚಿ ಒಳಕಿಸೆಗೆ ಹಾಕಿಕೊಂಡ. “ಭಾಳ ತಡಾ ಮಾಡಿದ್ರಿ ಸಾಹೇಬ್ರ. ಸಣ್ಣ ಮಗಳು ಅಪ್ಪಾ ಅನ್ನಾಕ ನಾಚತಾಳ ಈಗ.”

ಬಡ್ಡಿ ಇಳಿದು ಬ್ಯಾಂಕಿನ ಕಾಗದಕ್ಕೆ ಬೆಲೆ ಬಂದದ್ದು ನಿಜ, ನೀವು ಪರದೆಯ ಮೇಲೆ ನೋಡುವಷ್ಟೇ ನಿಜ. ಅವನ ಎರಡು ವರ್ಷ ಯಾವ ಕಾಗದದಲ್ಲೂ ಇರಲಿಲ್ಲ.

ತಿಂಗಳ ಕೊನೆಗೆ ಮೆಹಬೂಬಿ ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಳು. ಬ್ಯಾಂಕಿನ ಮುಂದೆ ನಿಂತು ಹೆಸರಿನ ಹಲಗೆಯನ್ನು ಎರಡು ಸಲ ನೋಡಿ ಹೋದಳೆಂದು ಕೌಂಟರಿನವರು ಹೇಳಿದರು. ಮೋತಿ ಡೊಂಗರಿನಲ್ಲಿ ಬೇರೆ ಕೋಣೆ ಹಿಡಿದರು.

ಖಾಯಂ ನೌಕರರಿಗೆ ಒಂದರಿಂದ ಒಂದೂವರೆಯವರೆಗೆ ಊಟದ ಬಿಡುವು. ದಿನಗೂಲಿಯವನಿಗೆ ಅಂಥದೊಂದು ಇದೆಯೆಂದು ಹನ್ನೊಂದು ವರ್ಷ ನಮಗ್ಯಾರಿಗೂ ಅನ್ನಿಸಿರಲಿಲ್ಲ, ಅವನು ನಿಂತೋ ನಡೆದೋ ಯಾವಾಗಲೋ ತಿಂದು ಮುಗಿಸುತ್ತಿದ್ದ. ಡಿಸೆಂಬರಿನ ಒಂದು ಮಧ್ಯಾಹ್ನ, ಒಂದೂ ಹತ್ತಕ್ಕೆ, ನೀರು ಬೇಕಾಗಿ ನಾನು ಮೇಜಿನ ಗಂಟೆ ಒತ್ತಿದೆ. ಯಾರೂ ಬರಲಿಲ್ಲ. ಇನ್ನೊಮ್ಮೆ ಒತ್ತಿ, ಕಿಟಕಿಯಿಂದ ನೋಡಿದೆ. ರಾಜೇಸಾಬ ಪಡಸಾಲೆಯ ಕೊನೆಯಲ್ಲಿ ಸ್ಟೂಲಿನ ಮೇಲೆ ಕೂತು, ಮನೆಯಿಂದ ಬಂದ ಡಬ್ಬಿಯ ರೊಟ್ಟಿಯನ್ನು ಮುರಿಯುತ್ತಿದ್ದ. ಅವನ ಸಣ್ಣ ಮಗಳು ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಗಂಟೆ ಅವನಿಗೆ ಕೇಳಿಸಿತ್ತು. ನನ್ನ ಕಿಟಕಿಯ ಕಡೆ ನೋಡಿ, ಎಡಗೈ ಎತ್ತಿ ಗೋಡೆಯ ಗಡಿಯಾರ ತೋರಿಸಿ, ಬಲಗೈಯ ತುತ್ತನ್ನು ಬಾಯಿಗೆ ಹಾಕಿಕೊಂಡ.

ನಾನು ಎದ್ದು ಹೋಗಿ ನೀರು ತಂದುಕೊಂಡೆ.